ಹಡಗಿನ ದೀಪವನ್ನು ಕಾಯುವವರು

ರಾತ್ರಿಯಲ್ಲಿ ಕಡಲ ತೀರದಲ್ಲಿ ನಿಂತು, ದೂರದ ಹಡಗಿನ ದೀಪಗಳ ಸಾಲನ್ನು ಕಂಡು ಸಂತೋಷಪಡದವರು ವಿರಳ. ಆದರೆ ಆ ದೀಪಗಳಿಗೆ ವಿದ್ಯುಚ್ಛಕ್ತಿಯು ಎಲ್ಲಿಂದ ಬರುವದು, ಅದನ್ನು ಕಾಯುವವರು ಯಾರು ಎಂದು ವಿಚಾರಿಸುವವರು ಇನ್ನೂ ವಿರಳ. ನಮ್ಮ ಮನೆಯಲ್ಲಿ ದೀಪವು ಆರಿದರೆ ಮೇಣದ ಬತ್ತಿಯನ್ನು ಹಚ್ಚಿ ಕಾದಿರುವೆವು. ನಡುಗಡಲಿನಲ್ಲಿ ಹಾಗಲ್ಲ, ಅಲ್ಲಿ ವಿದ್ಯುತ್ತು ನಿಂತರೆ ಪಂಪುಗಳು ನಿಲ್ಲುವವು, ಚುಕ್ಕಾಣಿಯೂ ಮಾತು ಕೇಳದು.

1880ರಲ್ಲಿ ಅಮೇರಿಕದ ‘ಕೊಲಂಬಿಯಾ’ ಎಂಬ ಹಡಗಿನಲ್ಲಿ ಎಡಿಸನ್ ಮಹಾಶಯನ ದೀಪಗಳನ್ನು ಅಳವಡಿಸಿದರು. ಅಂದು ವಿದ್ಯುತ್ತು ಕೇವಲ ಬೆಳಕಿಗಾಗಿ ಇತ್ತು. ಇಂದು ಹಡಗಿನ ಬಹುತೇಕ ಕೆಲಸಗಳೆಲ್ಲ ಅದನ್ನೇ ಆಶ್ರಯಿಸಿವೆ. ಹಡಗು ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳಬೇಕು. ಆದದರಿಂದ ಅದರ ಹೊಟ್ಟೆಯಲ್ಲಿ ಒಂದು ವಿದ್ಯುದಾಗಾರವೇ ಇರುವದು. ಅದು ನಿಂತುಹೋದರೆ, ಮೇಲಿನ ಅಂತಸ್ತಿನಲ್ಲಿರುವ ತುರ್ತು ಜನರೇಟರು ತಾನಾಗಿಯೇ ಚಾಲೂ ಆಗಿ 45 ಸೆಕೆಂಡುಗಳೊಳಗೆ ವಿದ್ಯುತ್ತನ್ನು ಒದಗಿಸಬೇಕೆಂಬದು ಅಂತರರಾಷ್ಟ್ರೀಯ ನಿಯಮ.

ಇಲ್ಲಿ ಒಂದು ವಿಶೇಷವನ್ನು ತಿಳಿಯತಕ್ಕದ್ದು. ಮನೆಯಲ್ಲಿ ತಂತಿಯ ಹೊದಿಕೆ ಸವೆದು ವಿದ್ಯುತ್ತು ಭೂಮಿಗೆ ಸೋರಿದರೆ ಫ್ಯೂಸು ಹಾರಿ ಎಚ್ಚರಿಸುವದು. ಹಡಗಿನಲ್ಲಿಯಾದರೋ, ಒಂದೇ ದೋಷದಿಂದ ಚುಕ್ಕಾಣಿಯ ಯಂತ್ರವು ನಿಲ್ಲಬಾರದೆಂದು, ಸಾಮಾನ್ಯವಾಗಿ ವಿದ್ಯುತ್ ಮಂಡಲವನ್ನು ಹಡಗಿನ ಕಬ್ಬಿಣದ ಒಡಲಿಗೆ ಸೇರಿಸದೆ ಬಿಡುವರು. ಮೊದಲನೆಯ ದೋಷವು ಯಾವದನ್ನೂ ನಿಲ್ಲಿಸದೆ ಮೌನವಾಗಿರುವದು. ಬೇರೆ ಫೇಸಿನಲ್ಲಿ ಎರಡನೆಯದು ಬಂದಾಗಲೇ ಅನಾಹುತ. ಈ ಮೌನವನ್ನು ಮುರಿಯಲಿಕ್ಕೆ ಮೂರು ಸಣ್ಣ ದೀಪಗಳುಂಟು. ಒಂದು ಮಂಕಾಗಿ ಉಳಿದೆರಡು ಪ್ರಖರವಾದರೆ ಎಲ್ಲಿಯೋ ಸೋರಿಕೆಯಾಗಿದೆಯೆಂದು ಅರ್ಥ. ಆಗ ಎಲೆಕ್ಟ್ರಿಷಿಯನ್ನನು ಒಂದೊಂದೇ ಶಾಖೆಯನ್ನು ಬೇರ್ಪಡಿಸಿ ಪರೀಕ್ಷಿಸುತ್ತ, ಎರಡನೆಯ ದೋಷವು ಬರುವ ಮುನ್ನ ಮೊದಲನೆಯದನ್ನು ಹುಡುಕಿ ತೆಗೆಯಬೇಕು.

ಉಪ್ಪುಗಾಳಿ, ಸೆಕೆ, ಯಂತ್ರಗಳ ಎಡೆಬಿಡದ ಅದುರಾಟ, ಇವೇ ಅವನ ಶತ್ರುಗಳು. ತಂತಿಗಳ ಬಿಗಿತವನ್ನು ನೋಡುತ್ತಿರುವದು ಬೇಸರದ ಕೆಲಸವೆಂದು ತೋರಬಹುದು. ಆದರೆ 2024ರ ಮಾರ್ಚ್ 26ರಂದು ಅಮೇರಿಕದ ಬಾಲ್ಟಿಮೋರಿನಲ್ಲಿ ನಡೆದದ್ದನ್ನು ಕೇಳಿರಿ. ಸುಮಾರು 300 ಮೀಟರ್ ಉದ್ದದ ‘ಡಾಲಿ’ ಎಂಬ ಸರಕು ಹಡಗಿನಲ್ಲಿ ವಿದ್ಯುತ್ತು ನಿಂತುಹೋಯಿತು. ಹಡಗು ಹತೋಟಿ ತಪ್ಪಿ ಸೇತುವೆಯ ಕಂಬಕ್ಕೆ ಬಡಿಯಿತು. ಸೇತುವೆ ಕುಸಿದು, ಅದರ ಮೇಲೆ ದುರಸ್ತಿ ಮಾಡುತ್ತಿದ್ದ ಆರು ಮಂದಿ ಕೂಲಿಕಾರರು ತೀರಿಕೊಂಡರು. ಮೊದಲ ಬಾರಿ ವಿದ್ಯುತ್ತು ನಿಂತದ್ದು ಸಡಿಲವಾದ ಒಂದು ತಂತಿಯಿಂದ ಎಂದು ತನಿಖೆಗಾರರು 2025ರಲ್ಲಿ ನಿರ್ಣಯಿಸಿದರು. ಗುರುತಿಗಾಗಿ ಸುತ್ತಿದ್ದ ಪಟ್ಟಿಯು ಅಡ್ಡ ಬಂದು, ತಂತಿಯ ತುದಿಯು ತನ್ನ ಹಿಡಿತದೊಳಗೆ ಪೂರ್ತಿಯಾಗಿ ಸೇರಿರಲಿಲ್ಲ! ಅಲ್ಪವೆಂದು ತೋರಿದ್ದು ಎಂಥ ಅನರ್ಥಕ್ಕೆ ಕಾರಣವಾಯಿತು!

ಇದಕ್ಕೆ ಪ್ರತಿಯಾಗಿ 1912ರ ‘ಟೈಟಾನಿಕ್’ ಹಡಗನ್ನು ಸ್ಮರಿಸೋಣ. ಹಡಗು ಮುಳುಗುತ್ತಿರುವದೆಂದು ತಿಳಿದಮೇಲೆಯೂ ಅದರ ಇಂಜಿನಿಯರರೂ ಎಲೆಕ್ಟ್ರಿಷಿಯನ್ನರೂ ತಮ್ಮ ಕೆಲಸವನ್ನು ಬಿಡಲಿಲ್ಲ. ಅವರು ಉಳಿಸಿಕೊಟ್ಟ ಬೆಳಕಿನಲ್ಲಿ ದೋಣಿಗಳನ್ನು ಇಳಿಸಲಾಯಿತು. ಕೊನೆಯ ಕೆಲವೇ ನಿಮಿಷಗಳವರೆಗೂ ದೀಪಗಳು ಉರಿದವು. ಅವರಲ್ಲಿ ಒಬ್ಬರೂ ಬದುಕಿ ಬರಲಿಲ್ಲ.

ಈ ವೃತ್ತಿಯು ಗಂಡಸರಿಗೆ ಮಾತ್ರ ಸೇರಿದ್ದೆಂದು ತಾಯಿತಂದೆಗಳು ಎಣಿಸಬಾರದು. 1999ರಲ್ಲಿ ಸೋನಾಲಿ ಬ್ಯಾನರ್ಜಿಯವರು ಭಾರತದ ಪ್ರಥಮ ಮಹಿಳಾ ನೌಕಾ ಇಂಜಿನಿಯರರಾದರು. ಹಡಗಿನ ವಿದ್ಯುತ್ ಅಧಿಕಾರಿಯ ಹುದ್ದೆಗೂ 2010ರ ಮನಿಲಾ ತಿದ್ದುಪಡಿಗಳಿಂದ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ. ಗಣಿತದಲ್ಲಿಯೂ ಭೌತಶಾಸ್ತ್ರದಲ್ಲಿಯೂ ಆಸಕ್ತಿಯಿದ್ದು, ಸಣ್ಣ ಕೆಲಸವನ್ನು ಸಣ್ಣದೆಂದು ಬಿಡದ ಹುಡುಗಿಯು ನಿಮ್ಮ ಮನೆಯಲ್ಲಿದ್ದರೆ ಈ ಮಾತನ್ನು ಅವಳಿಗೆ ತಿಳಿಸಿರಿ. ಮುಂದೊಂದು ರಾತ್ರಿ ನೀವು ತೀರದಿಂದ ಕಾಣುವ ದೀಪಗಳ ಸಾಲನ್ನು ಅವಳೇ ಕಾಯುತ್ತಿರಬಹುದು.