ಅಟ್ಟಕ್ಕಿಂತ ಮೊದಲು ಮಾಡ

ಮಹಾನವಮಿ ಸಮೀಪಿಸಿದಂತೆ ತುಂಬಿದ ಅಟ್ಟವನ್ನು ನೋಡಿ ಎದೆಗುಂದುವ ತಾಯಂದಿರನ್ನು ಕಣಗಿನಹಾಳದಂತಹ ಊರುಗಳಲ್ಲಿ ನಾವು ಕಾಣುತ್ತೇವೆ. ಎಲ್ಲಿಂದ ಆರಂಭಿಸಬೇಕೆಂದು ತೋಚದಿದ್ದಾಗ ಅಟ್ಟವನ್ನು ಮುಟ್ಟಲೇಬೇಡಿರಿ. ಗೋಡೆಯ ಒಂದೇ ಒಂದು ಮಾಡವನ್ನು ಆರಿಸಿಕೊಳ್ಳಿರಿ. ದಿನಕ್ಕೆ ಕಾಲು ಗಂಟೆ ಸಾಕು. ಅವಧಿ ಮೀರಿದ ಗುಳಿಗೆಗಳು, ಬೆಳೆಗೆ ಸಿಂಪಡಿಸಿ ಉಳಿದ ಔಷಧದ ಬಾಟಲಿಗಳು ಮೊದಲು ಮಕ್ಕಳ ಕೈಗೆ ಸಿಗದಂತಾಗಲಿ. ಅಂತಹ ಬಾಟಲಿಯನ್ನು ತೊಳೆದು ಎಣ್ಣೆ ತುಂಬಿಡುವುದಂತೂ ಪ್ರಾಣಕ್ಕೇ ಅಪಾಯ.

ಹಳೆಯ ಚೀಲಗಳ ಧೂಳು ಉಬ್ಬಸವನ್ನು ಕೆರಳಿಸುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒದ್ದೆ ಅರಿವೆಯಿಂದ ಒರೆಸಿರಿ. ಚೇಳು ಇದ್ದೀತು, ಕೋಲಿನಿಂದ ಸರಿಸದೆ ಕೈ ಹಾಕಬೇಡಿರಿ. ಅತ್ತೆಯವರು ಹೊಲಿದ ಕೌದಿಯನ್ನು ಬಿಡಲು ಮನಸ್ಸು ಬಾರದಿದ್ದರೆ ಇರಲಿ. ಅದರ ತೀರ್ಮಾನ ಇಂದೇ ಆಗಬೇಕಿಲ್ಲ.

1905ರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದ ಊರಿದು. ಇಲ್ಲಿ ಮನೆಯ ಭಾರವೆಲ್ಲ ಒಬ್ಬಳ ತಲೆಯ ಮೇಲೇಕೆ? ಅಟ್ಟದ ಸರದಿ ಬಂದಾಗ ಗಂಡಸರು ಏಣಿ ಏರಲಿ.