ಒಂದು ಕಡತ, ಇಬ್ಬರು ಒಡೆಯರು

ನೂರಾರು ಸರ್ವರ್‌ಗಳನ್ನು ಒಂದೇ ಕಟ್ಟಳೆಯಲ್ಲಿಡಲು 2005ರಲ್ಲಿ ಬಂದ ‘ಪಪೆಟ್’ ಎಂಬ ತಂತ್ರಾಂಶವುಂಟು. ಸಾಮಾನ್ಯವಾಗಿ 30 ನಿಮಿಷಗಳಿಗೊಮ್ಮೆ ಅದು ಪ್ರತಿ ಯಂತ್ರದ ಕಡತಗಳನ್ನು ಪರೀಕ್ಷಿಸಿ, ಕಟ್ಟಳೆ ಮೀರಿದುದನ್ನು ತಾನೇ ತಿದ್ದುತ್ತದೆ.

ಲಿನಕ್ಸ್ ಯಂತ್ರದಲ್ಲಿ ‘ರಿಸಾಲ್ವ್.ಕಾನ್ಫ್’ ಎಂಬ ಪುಟ್ಟ ಕಡತವಿದೆ. ಹೆಸರು ಗೊತ್ತಿರುವ ಬೇರೊಂದು ಯಂತ್ರದ ವಿಳಾಸವನ್ನು ಯಾರಲ್ಲಿ ಕೇಳಬೇಕೆಂಬುದನ್ನು ಅದು ಹೇಳುತ್ತದೆ. ಇದನ್ನು ಪಪೆಟ್ ಬರೆಯುತ್ತದೆ. ಯಂತ್ರಕ್ಕೆ ಜಾಲದಲ್ಲಿ ವಿಳಾಸ ಪಡೆದುಕೊಡುವ ಡಿಎಚ್‌ಸಿಪಿ ತಂತ್ರಾಂಶವೂ ಬರೆಯಬಲ್ಲದು. ಒಬ್ಬನು ಹಾಕಿದ ಬದುವನ್ನು ಇನ್ನೊಬ್ಬನು ಕೆಡಿಸಿದಂತೆ! ಆಗ ಯಂತ್ರವು ಒಮ್ಮೆ ನೆರೆಯವರನ್ನು ಗುರುತಿಸುತ್ತದೆ, ಮತ್ತೊಮ್ಮೆ ಗುರುತಿಸಲಾರದು. ವೈದ್ಯನು ಬರುವ ಹೊತ್ತಿಗೆ ಇಳಿದುಹೋಗುವ ಜ್ವರದಂತಹ ದೋಷವಿದು. ಕೈಯಿಂದ ತಿದ್ದಿದರೆ ನಿಲ್ಲದು.

ದಿನಚರಿ ಕಡತದಲ್ಲಿ ಒಂದೇ ತಿದ್ದುಪಡಿ ಮತ್ತೆ ಮತ್ತೆ ದಾಖಲಾಗಿದ್ದರೆ, ಬರೆಯುವ ಕೈಗಳು ಎರಡೆಂದು ತಿಳಿಯಬೇಕು. ಆಮೇಲೆ ಆ ಕಡತವನ್ನು ಮುಟ್ಟದಂತೆ ಡಿಎಚ್‌ಸಿಪಿಯನ್ನು ತಡೆಯಬೇಕು, ಇಲ್ಲವೇ ಪಪೆಟ್‌ನ ಕಟ್ಟಳೆಯಿಂದ ಅದನ್ನು ತೆಗೆಯಬೇಕು.