ಸೇತುವೆಯಡಿಯ ಟ್ರೋಲ್ ಮತ್ತು ಕಥೆ ಹೇಳುವವರ ಕಸುಬು

ಮೂರು ಹೋತಗಳು ಬೆಟ್ಟದ ಹುಲ್ಲುಗಾವಲಿಗೆ ಮೇಯಲು ಹೊರಟಿವೆ. ದಾರಿಯಲ್ಲೊಂದು ಸೇತುವೆ, ಅದರಡಿ ಟ್ರೋಲ್, ಅಂದರೆ ನಾರ್ವೆಯವರ ರಾಕ್ಷಸ. ಬ್ರೂಸೆ ಎಂಬ ಹೆಸರಿನ ಈ ಹೋತಗಳ ಕಥೆ ಅಲ್ಲಿನ ಎಳೆಯರಿಗೆಲ್ಲ ಚಿರಪರಿಚಿತ. ಮುಂದೇನಾಗುತ್ತದೆಂದು ಗೊತ್ತಿರುವ ಮಕ್ಕಳನ್ನೇ ಎದುರಿಗೆ ಕೂರಿಸಿಕೊಂಡು, ಮತ್ತೆ ಕುತೂಹಲ ಹುಟ್ಟಿಸುವುದೇ ಕಥೆ ಹೇಳುವವರ ಜಾಣ್ಮೆ.

ಹೋತಗಳು ಮೂರು, ಸೇತುವೆ ದಾಟುವುದು ಮೂರು ಸಲ, ಟ್ರೋಲ್ ತಡೆದು ಕೇಳುವುದೂ ಮೂರು ಸಲ. ಜನಪದ ಕಥೆಗಳು ಹೀಗೆ ಮೂರರ ಲೆಕ್ಕದಲ್ಲಿ ನಡೆಯುತ್ತವೆ, ಕೊನೆಯದಕ್ಕೇ ತೂಕ ಹೆಚ್ಚು ಎಂಬುದನ್ನು ಡೆನ್ಮಾರ್ಕಿನ ವಿದ್ವಾಂಸ ಆಕ್ಸೆಲ್ ಓಲ್ರಿಕ್ 1909ರಲ್ಲೇ ನಿಯಮವಾಗಿ ವಿವರಿಸಿದ್ದರು. ಪುಸ್ತಕದಲ್ಲಿ ಕಣ್ಣು ಹಾರಿಸಿಕೊಂಡು ಹೋಗುವ ಈ ಪುನರುಕ್ತಿಯೇ ಹೇಳುವವರ ಬಂಡವಾಳ. ಚಿಕ್ಕ ಹೋತದ ಗೊರಸಿಗೆ ಬೆರಳತುದಿಯಿಂದ ತೊಡೆ ತಟ್ಟಿದರೆ ಸಾಕು. ಎರಡನೆಯದಕ್ಕೆ ಅಂಗೈ, ಅಷ್ಟರಲ್ಲಿ ಮಕ್ಕಳ ಕೈಗಳೂ ಸೇರಿಕೊಂಡಿರುತ್ತವೆ. ದೊಡ್ಡದು ಬರುವಾಗ ಎಲ್ಲರ ಕಾಲುಗಳೂ ನೆಲ ಗುದ್ದುತ್ತವೆ. ನುರಿತವರು ಆಗ ಥಟ್ಟನೆ ಕೈಯೆತ್ತಿ ಸದ್ದು ನಿಲ್ಲಿಸುತ್ತಾರೆ. ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಟ್ರೋಲ್‌ನ ದನಿ ತೆಗೆಯುತ್ತಾರೆ. ಮುಂದಿನ ಸಾಲಿನ ಪುಟಾಣಿ ಅಮ್ಮನ ಮಡಿಲಿಗೆ ಸರಿದರೆ ಅದೇ ದನಿಗೆ ಒಂದಿಷ್ಟು ಪೆದ್ದುತನ ಬೆರೆಸುತ್ತಾರೆ. ಹೆದರಿಕೆಯ ಹದ ಆ ದಿನ ಎದುರಿಗಿರುವ ಮುಖಗಳನ್ನು ನೋಡಿಯೇ ಗೊತ್ತಾಗಬೇಕು.

ನಾರ್ವೆಯ ಈ ಕಥೆಗಳ ಭಾಷೆಯೂ ಹೀಗೆ ಹೇಳುವುದಕ್ಕೆ ಒದಗಿಬರುತ್ತದೆ. 1841ರಿಂದ ಇವನ್ನು ಪ್ರಕಟಿಸತೊಡಗಿದವರು ಆಸ್ಬ್ಯೋರ್ನ್‌ಸನ್ ಮತ್ತು ಮೂ ಎಂಬ ಗೆಳೆಯರು. ಅವರು ಹಳ್ಳಿಗರ ಬಾಯಿಂದ ಕೇಳಿದ್ದನ್ನು ಬರೆದಾಗ ಮಾತಿನ ಲಯವನ್ನು ಉಳಿಸಿಕೊಂಡರು. ಹಾಗಾಗಿ ಅಚ್ಚಿಗೆ ಹೋದ ಕಥೆ ಸಲೀಸಾಗಿ ಬಾಯಿಗೆ ಮರಳುತ್ತದೆ. ಹೇಳುವವರು ಅದನ್ನು ಉರು ಹೊಡೆಯಬೇಕಿಲ್ಲ. ಘಟನೆಗಳ ಸಾಲು, ಮರಳಿ ಮರಳಿ ಬರುವ ಮಾತು, ಶುರು ಮತ್ತು ಮುಗಿತಾಯ ಗಟ್ಟಿಯಿದ್ದರೆ ಉಳಿದದ್ದು ಹೇಳುತ್ತ ಹೇಳುತ್ತ ಕೂಡಿಬರುತ್ತದೆ.

ಆಸ್ಕೆಲಾಡೆನ್ ಎಂಬ ಚೂಟಿ ಹುಡುಗ ಟ್ರೋಲ್‌ನೊಂದಿಗೆ ಉಣ್ಣುವ ಪಂದ್ಯಕ್ಕೆ ಕೂರುವ ಕಥೆಗಂತೂ ಎರಡು ಕೈ ಸಾಕು: ಒಂದು ಚಮಚ ಎತ್ತುತ್ತದೆ, ಇನ್ನೊಂದು ಹೊಟ್ಟೆಯ ಮೇಲೆ ಕಟ್ಟಿಕೊಂಡ ಚೀಲಕ್ಕೆ ಗಂಜಿ ಸುರಿಯುತ್ತದೆ. ಮೋಸ ಟ್ರೋಲ್‌ಗೆ ಕಾಣದು, ಮಕ್ಕಳಿಗೆ ಕಾಣುತ್ತದೆ. ನಗು ಹುಟ್ಟುವುದೇ ಅಲ್ಲಿ.

ಟ್ರೋಲ್ ಸತ್ತ ಮೇಲೆ ಒಂದು ಪ್ರಾಸದ ಮಾತು, ಕಥೆ ಮುಗಿಯಿತು. ಬಲ್ಲವರು ನೀತಿ ಬೋಧಿಸಲು ನಿಲ್ಲುವುದಿಲ್ಲ. ಮಕ್ಕಳು ಇನ್ನೊಂದು ಕಥೆ ಕೇಳುತ್ತಾರೆ, ಹೇಳುವವರು ಶುರುಮಾಡುತ್ತಾರೆ.